ಕುದುರೆ ಏರಿದವನೂ ಬೀದಿ ಕಾದವರೂ

ಯುದ್ಧಕಾಲದ ಕಥೆಗಳಲ್ಲಿ ಜನಕ್ಕೆ ಒಬ್ಬ ವೀರ ಬೇಕು, ಅವನಿಗೊಂದು ಕುದುರೆ ಬೇಕು. ಅಮೆರಿಕದ ಮಕ್ಕಳು ತಲೆಮಾರುಗಳಿಂದ ಕೇಳುತ್ತ ಬಂದ ಕಥೆಯೂ ಇಂಥದೇ. 1775ರ ಏಪ್ರಿಲ್ 18ರ ರಾತ್ರಿ ಆಂಗ್ಲ ದೊರೆಯ ಸೈನಿಕರು ಬಾಸ್ಟನ್ ನಗರದಿಂದ ಹೊರಟರಂತೆ; ಪಾಲ್ ರಿವಿಯರ್ ಎಂಬಾತ ನದಿಯಾಚೆ ಕಾದು ನಿಂತು, ಇಗರ್ಜಿಯ ಗೋಪುರದಲ್ಲಿ ಎರಡು ಲಾಂದ್ರ ಕಂಡೊಡನೆ ಕುದುರೆ ಹತ್ತಿ, "ಬ್ರಿಟಿಷರು ಬಂದರು" ಎಂದು ಕೂಗುತ್ತ ಒಬ್ಬನೇ ಕಾಂಕರ್ಡ್ ಊರನ್ನು ಮುಟ್ಟಿದನಂತೆ!

ನಡೆದದ್ದು ಬೇರೆ. ಲಾಂದ್ರ ಹೊತ್ತಿಸಿದ್ದು ಅವನಿಗಾಗಿ ಅಲ್ಲ. ತಾನು ನದಿ ದಾಟಲಾಗದೆ ಹೋದರೆ ಆಚೆಯವರಿಗೆ ಸುದ್ದಿ ತಿಳಿಯಲೆಂದು ಅವನೇ ಮಾಡಿಸಿದ ಏರ್ಪಾಡು ಅದು. ಅವನನ್ನು ದೋಣಿಯಲ್ಲಿ ದಾಟಿಸಿದವರು ಇಬ್ಬರು. ಕುದುರೆಯೂ ಎರವಲಿನದು. ಆ ಕಾಲಕ್ಕೆ ಅಲ್ಲಿನ ಜನರೇ ತಮ್ಮನ್ನು ಬ್ರಿಟಿಷರೆಂದು ತಿಳಿದಿದ್ದರು. ಆದ್ದರಿಂದ ಅವನು ಹೇಳಿದ್ದು ಸಿಪಾಯಿಗಳು ಹೊರಟಿದ್ದಾರೆ ಎಂದಷ್ಟೆ. ಚರ್ಮ ಹದಮಾಡುವ ಕಸುಬಿನ ವಿಲಿಯಂ ಡಾಸ್ ಇನ್ನೊಂದು ದಾರಿಯಿಂದ ಹೊರಟಿದ್ದ. ಕಾಂಕರ್ಡ್ ಮುಟ್ಟಿದವನು ಮೂರನೆಯವನಾದ ಪ್ರೆಸ್ಕಾಟ್ ಎಂಬ ವೈದ್ಯ. ರಿವಿಯರ್ ನಡುದಾರಿಯಲ್ಲೇ ಸೆರೆಸಿಕ್ಕಿದ. ಬಿಡುವಾಗ ಸೈನಿಕರು ಕುದುರೆಯನ್ನು ಕಿತ್ತುಕೊಂಡು ಅವನನ್ನು ಕಾಲ್ನಡಿಗೆಗೆ ಇಳಿಸಿದರು. ಪಾಪ, ಎರವಲು ಕೊಟ್ಟವನ ಪಾಡನ್ನು ಕೇಳುವವರಾರು?

ಈ ಮೂವರನ್ನು ಒಬ್ಬನನ್ನಾಗಿಸಿದ್ದು ಲಾಂಗ್‌ಫೆಲೋ ಕವಿ, 1861ರಲ್ಲಿ ಪ್ರಕಟವಾದ ಪದ್ಯದಲ್ಲಿ. ಅವನನ್ನು ನಾವು ದೂರುವುದಿಲ್ಲ. ಗುಲಾಮಗಿರಿಯನ್ನು ವಿರೋಧಿಸಿದವನು ಆತ. ದೇಶ ಒಡೆದು ಅಂತರ್ಯುದ್ಧದ ಅಂಚಿಗೆ ಬಂದಿದ್ದಾಗ ಬರೆದದ್ದು ಅದು. ಆದರೆ ಪದ್ಯ ನಿಂತಿತು, ಜನ ಮರೆಯಾದರು.

ಯಾರು ಆ ಜನ? ರಿವಿಯರ್ ಬೆಳ್ಳಿ ಕೆಲಸಗಾರ, ಸ್ವಂತ ಅಂಗಡಿಯವನು. 1798ರ ಪತ್ರವೊಂದರಲ್ಲಿ ಅವನೇ ಬರೆದಿಟ್ಟಿದ್ದಾನೆ: ಮೂವತ್ತಕ್ಕೂ ಹೆಚ್ಚು ಮಂದಿ, ಬಹುತೇಕ ಕೈಕಸುಬಿನವರು, ಸೈನ್ಯದ ಚಲನವಲನ ನೋಡಲು ಒಂದು ಗುಂಪು ಕಟ್ಟಿಕೊಂಡಿದ್ದರು. ಗ್ರೀನ್ ಡ್ರ್ಯಾಗನ್ ಎಂಬ ಪಾನಗೃಹದಲ್ಲಿ ಕೂಡುತ್ತಿದ್ದರು. ಚಳಿಗಾಲ ಕಳೆಯುತ್ತ ಬಂದಂತೆ ಪಾಳಿ ಹಾಕಿಕೊಂಡು, ಇಬ್ಬಿಬ್ಬರಾಗಿ, ರಾತ್ರಿಯಿಡೀ ಬೀದಿ ಸುತ್ತಿದರು. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮತ್ತೆ ಮನೆಗೆಲಸಕ್ಕೆ ನಿಲ್ಲುವ ನಮ್ಮ ಓದುಗರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಕಾವಲಿಲ್ಲದೆ ಸವಾರನಿಗೆ ಒಯ್ಯಲು ಸುದ್ದಿಯಾದರೂ ಎಲ್ಲಿತ್ತು?

ಪ್ರತಿ ಸಭೆಯಲ್ಲೂ ಅವರು ಬೈಬಲ್ ಮುಟ್ಟಿ ಆಣೆಯಿಡುತ್ತಿದ್ದರು: ಹ್ಯಾಂಕಾಕ್, ಆಡಮ್ಸ್, ಡಾಕ್ಟರ್ ವಾರನ್, ಡಾಕ್ಟರ್ ಚರ್ಚ್ ಮತ್ತೆ ಒಬ್ಬಿಬ್ಬರು ಮುಖಂಡರಿಗಲ್ಲದೆ ಯಾರಿಗೂ ಸಂಗತಿ ತಿಳಿಸುವುದಿಲ್ಲವೆಂದು. ಆದರೂ ಹಿಂದಿನ ರಾತ್ರಿ ಸಭೆಯಲ್ಲಿ ಆಡಿದ ಮಾತು ಮಾತಿಗೆ ತಪ್ಪದೆ ಎದುರಾಳಿಗಳ ಕಿವಿ ಮುಟ್ಟಿತ್ತು! ಯಾರ ಮೇಲೆ ಅನುಮಾನ? ದೊಡ್ಡ ಮನುಷ್ಯನಾದ ಡಾಕ್ಟರ್ ಚರ್ಚ್ ಮೇಲಲ್ಲ. ನಮ್ಮಲ್ಲೇ ಯಾರೋ ಒಬ್ಬನಿರಬೇಕು ಎಂದು ಆ ಕಸುಬುದಾರರು ತಿಳಿದುಕೊಂಡರು. ಆದರೂ ಬೀದಿ ಕಾವಲು ಬಿಡಲಿಲ್ಲ. 1775ರಲ್ಲಿಯೇ, ಯುದ್ಧ ಆರಂಭವಾದ ಮೇಲೆ, ಗುಪ್ತಲಿಪಿಯ ಪತ್ರವೊಂದು ಸಿಕ್ಕಿಬಿದ್ದು ಡಾಕ್ಟರ್ ಮಹಾಶಯರು ಸೆರೆಮನೆ ಸೇರಿದರು.