ಫಾರ್ಮಿನಲ್ಲಿ ಖರೇ ಬರೀರಿ

ಸೈನ್ಯ, ಅರೆಸೈನಿಕ ಪಡೆಗಳ ಭರತಿಗೆ ಹೋಗುವ ನಮ್ಮೂರು ಕರಜಗಿಯ ಹುಡುಗರಿಗೆ ನಾನು ಹೇಳುತ್ತ ಬಂದದ್ದು ಒಂದೇ ಮಾತು: ಚಾರಿತ್ರ್ಯ ಪಡತಾಳಣಿಯ, ಅಂದರೆ ಪರಿಶೀಲನೆಯ, ಫಾರ್ಮಿನಲ್ಲಿ ಏನನ್ನೂ ಮುಚ್ಚಿಡಬೇಡಿ. ಊರಿನ ಕೆಲವು ಹಿರಿಯರಿಗೆ ಇದು ಒಪ್ಪಿಗೆಯಿಲ್ಲ. ಅವರ ಒಂದೊಂದು ಆಕ್ಷೇಪಕ್ಕೂ ನನ್ನ ಉತ್ತರ ಇಲ್ಲಿದೆ.

‘ಜಾತ್ರೆಯಲ್ಲಿ ಆದ ಹೊಡೆದಾಟ. ಕೇಸು ಖುಲಾಸೆಯಾಗಿದೆ. ಮತ್ಯಾಕೆ ಬರೆಯಬೇಕು?’

ಶಿಕ್ಷೆಯಾಗಿದೆಯೇ ಎಂದಷ್ಟೇ ಫಾರ್ಮು ಕೇಳುವುದಿಲ್ಲ; ಎಂದಾದರೂ ಬಂಧನವಾಗಿತ್ತೇ, ಖಟ್ಲೆ ನಡೆದಿತ್ತೇ ಎಂದೂ ಕೇಳುತ್ತದೆ. ಒಬ್ಬ ಹುಡುಗ ನಮ್ಮ ಪಡಸಾಲೆಯಲ್ಲಿ ಕೂತು ಆ ಪ್ರಶ್ನೆಯ ಮುಂದೆ ಪೆನ್ನು ಎತ್ತಿ ಹಿಡಿದೇ ಇದ್ದ. ಹಣೆಯಲ್ಲಿ ಬೆವರು. ಫಾರ್ಮಿನ ಮೇಲ್ತುದಿಯ ಎಚ್ಚರಿಕೆಯನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿದೆ: ಸುಳ್ಳು ಬರೆದರೂ ಇದ್ದದ್ದನ್ನು ಮರೆಮಾಚಿದರೂ ಅದೇ ಅನರ್ಹತೆ. ಆಮೇಲೆ ‘ಹೌದು’ ಎಂದು ಬರೆದ.

‘ಖರೇ ಬರೆದರೆ ನೌಕರಿ ಹೋಯಿತೆಂದೇ ಲೆಕ್ಕ.’

ಹಾಗಿಲ್ಲ. 2016ರ ಜುಲೈ 21ರಂದು ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ಇದನ್ನು ಬಿಡಿಸಿ ಹೇಳಿದೆ. ಸಣ್ಣ ಸ್ವರೂಪದ ಕೇಸು ಬಾಕಿಯಿದ್ದು ಅದನ್ನು ನಿಜವಾಗಿ ಬರೆದಿದ್ದರೆ ಇಲಾಖೆ ಸಂದರ್ಭ ನೋಡಿ ನೇಮಿಸಿಕೊಳ್ಳಬಹುದು. ಮುಗಿದ ಕೇಸನ್ನು ತಿಳಿಸಿದ ಮೇಲೂ ಪೂರ್ವಾಪರ ತೂಗುವ ಹಕ್ಕು ಇಲಾಖೆಗೆ ಉಳಿಯುತ್ತದೆ ನಿಜ. ಆದ್ದರಿಂದ ನೌಕರಿ ಖಾತ್ರಿ ಎಂದು ನಾನು ಹೇಳಲಾರೆ. ಆದರೆ ಮುಚ್ಚಿಟ್ಟವನು ಹೊಡೆದಾಟದ ಜೊತೆಗೆ ಸುಳ್ಳಿಗೂ ಉತ್ತರ ಹೇಳಬೇಕಾಗುತ್ತದೆ.

‘ನಮ್ಮ ಬಳಗ, ನಮ್ಮ ಮದುವೆ. ಸರ್ಕಾರಕ್ಕೇನು?’

ತಂದೆ-ತಾಯಿ, ಗಂಡ-ಹೆಂಡತಿ, ಒಡಹುಟ್ಟಿದವರ ರಾಷ್ಟ್ರೀಯತೆಯನ್ನು ಫಾರ್ಮು ಕೇಳುತ್ತದೆ. ಅಣ್ಣ ದುಬೈಯಲ್ಲಿ ದುಡಿದ ಮಾತ್ರಕ್ಕೆ ಪರದೇಶಿ ಪ್ರಜೆಯಾಗುವುದಿಲ್ಲ, ಇದ್ದಂತೆ ಬರೆದರಾಯಿತು. ಕೇಂದ್ರ ಸರ್ಕಾರದ ನಾಗರಿಕ ನೌಕರರು ಭಾರತೀಯರಲ್ಲದವರನ್ನು ಮದುವೆಯಾದರೆ ಕೂಡಲೇ ತಿಳಿಸಬೇಕೆಂದು 1964ರ ನಡತೆ ನಿಯಮವೇ ಇದೆ. ಅದು ತಿಳಿಸಿ ಎನ್ನುತ್ತದೆ, ಮದುವೆಯಾಗಬೇಡಿ ಎನ್ನುವುದಿಲ್ಲ. ಕೇಳುವುದು ಬೇರೆ, ಕೇಳುವ ಮೊದಲೇ ತೀರ್ಮಾನಿಸುವುದು ಬೇರೆ. ವಿದೇಶಾಂಗ ಸೇವೆಯಲ್ಲಿ ಹೆಣ್ಣುಮಕ್ಕಳು ಮದುವೆಗೆ ಅನುಮತಿ ಪಡೆಯಬೇಕೆಂಬ ನಿಯಮವಿತ್ತು. ಆ ಸೇವೆಯಲ್ಲಿದ್ದ ಕೊಡಗಿನ ಸಿ.ಬಿ. ಮುತ್ತಮ್ಮ ಬಡ್ತಿಯಲ್ಲೂ ತಾರತಮ್ಯವಾಯಿತೆಂದು ಕೋರ್ಟಿಗೆ ಹೋದರು. ಅಷ್ಟರಲ್ಲಿ ಅವರಿಗೆ ಬಡ್ತಿ ಸಿಕ್ಕಿದ್ದರಿಂದ ಅರ್ಜಿ ಮುಗಿಯಿತು. ಆದರೂ 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ತಾರತಮ್ಯವನ್ನು ಖಂಡಿಸಿದರು.

‘ದೇಶದ ಭದ್ರತೆ ದೊಡ್ಡದು. ಸಂಶಯ ಬಂದವರನ್ನು ದೂರ ಇಡುವುದೇ ಲೇಸು.’

ಭದ್ರತೆ ದೊಡ್ಡದೆಂಬುದನ್ನು ಒಪ್ಪುತ್ತೇನೆ. ಆದರೆ ಬರೀ ಸಂಶಯ ಏನು ಮಾಡುತ್ತದೆಂದು 1994ರ ಇಸ್ರೋ ಬೇಹುಗಾರಿಕೆ ಪ್ರಕರಣ ನೋಡಿ. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಜೈಲಿಗೆ ಹೋದರು. ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಪ್ರತಿನಿಧಿಯಾಗಿದ್ದ ಬೆಂಗಳೂರಿನ ಕೆ. ಚಂದ್ರಶೇಖರ್ ಕೂಡ ಹೋದರು. 1996ರಲ್ಲೇ ಸಿಬಿಐ ಆರೋಪ ಸುಳ್ಳೆಂದಿತು. ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರದ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 14ರಂದು. ಎರಡೇ ದಿನದಲ್ಲಿ ಚಂದ್ರಶೇಖರ್ ತೀರಿಕೊಂಡರು. ಪರದೇಶದ ನಂಟು ತನಿಖೆಗೆ ಕಾರಣವಾಗಬಹುದು, ಅಪರಾಧಕ್ಕೆ ಪುರಾವೆಯಾಗದು.

ಹಿರಿಯರೇ, ಹುಡುಗರಿಗೆ ಸುಳ್ಳು ಕಲಿಸಬೇಡಿ. ಖುಲಾಸೆಯ ಆದೇಶದ ನಕಲು ತೆಗೆಸಿಕೊಡಿ. ತುಂಬಿದ ಫಾರ್ಮಿನ ಝೆರಾಕ್ಸ್ ಮನೆಯಲ್ಲಿ ಇಡಿಸಿ. ನಾಳೆ ಪಡತಾಳಣಿಯಲ್ಲಿ ಊರಿನ ಪೊಲೀಸ್ ಪಾಟೀಲರ ಮುಂದೆ ನೀವು ಹೇಳುವ ಮಾತು, ಇಂದು ಹುಡುಗ ಬರೆದ ಮಾತು ಒಂದೇ ಆಗಿರಲಿ.