ಗೆದ್ದವನು ಏಕೆ ಸೋಲಬೇಕು?

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಸತ್ತವನಿಗಾಗಿ ಮರುಗುವವರುಂಟು. ಗೆದ್ದವನು ಏಕೆ ಸೋಲಬೇಕು ಎಂದು ಕೇಳುವವರನ್ನು ಮಾತ್ರ ನಾನು ಕಂಡಿಲ್ಲ.

ನನ್ನ ಮನೆ ನಂಜನಗೂಡಿನಲ್ಲಿ. ಹಿರಿಯರು ಬಿಟ್ಟ ಎರಡು ಎಕರೆ ಗದ್ದೆ ತಿರುಮಕೂಡಲು ನರಸೀಪುರದ ನಾಲೆಯ ಬಯಲಿನಲ್ಲಿ. ದಾಯಾದಿಯೊಬ್ಬರು ಅದರಲ್ಲಿ ತಮಗೂ ಪಾಲುಂಟೆಂದು ದಾವಾ ಹೂಡಿ ತಡೆಯಾಜ್ಞೆ ತಂದರು. ಅವರಿಗೆ ಬೇಕಾಗಿದ್ದುದು ಪಾಲಲ್ಲ. ನಾನು ಬೇಸತ್ತು ಗದ್ದೆಯನ್ನು ಅರ್ಧ ಬೆಲೆಗೆ ಅವರಿಗೇ ಮಾರಬೇಕೆಂಬುದು ಹಂಚಿಕೆ. ತಡೆಯಾಜ್ಞೆ ಎರಡು ಬೆಳೆಯನ್ನು ನುಂಗಿತು, ದಾವಾ ಎಂಟು ವರ್ಷವನ್ನು ನುಂಗಿತು. ಕೊನೆಗೆ ವಜಾ ಆಯಿತು. ನಷ್ಟಕ್ಕೆ ಏನು ದಾರಿ ಎಂದು ಕೇಳಿದರೆ ನಮ್ಮ ವಕೀಲರು, “ದಾರಿ ಬಹಳ ಕಿರಿದು, ಸ್ವಾಮಿ” ಎಂದು ನಕ್ಕರು.

ಸುಳ್ಳು ಕ್ರಿಮಿನಲ್ ಮೊಕದ್ದಮೆಗೆ ಗುರಿಯಾದವನು ಬಿಡುಗಡೆಯಾದ ಒಂದು ವರ್ಷದೊಳಗೆ ಪರಿಹಾರದ ದಾವಾ ತರಬಹುದು. ದ್ವೇಷವನ್ನು ತಾನೇ ರುಜುವಾತು ಮಾಡಬೇಕು. ಸುಳ್ಳು ಸಿವಿಲ್ ದಾವಾಕ್ಕೆ ಸಾಮಾನ್ಯವಾಗಿ ಅಷ್ಟೂ ಇಲ್ಲ. ಇದು ಇಂಗ್ಲೆಂಡಿನಿಂದ ಬಂದ ನಿಯಮ. 1883ರಲ್ಲಿ ಚಿನ್ನದ ಗಣಿಯ ಕಂಪೆನಿಯೊಂದರ ವ್ಯಾಜ್ಯದಲ್ಲಿ ಅಲ್ಲಿನ ನ್ಯಾಯಾಧೀಶರು ಇದನ್ನು ಎತ್ತಿಹಿಡಿದರು; ಕಂಪೆನಿ ಮುಚ್ಚಿಸುವ ಅರ್ಜಿಗೆ ಮಾತ್ರ ವಿನಾಯಿತಿ ಕೊಟ್ಟರು. ಅರ್ಜಿ ಬಿದ್ದೊಡನೆಯೇ ಕಂಪೆನಿಯ ಮೇಲಿನ ನಂಬಿಕೆ ಹೋಗುತ್ತದೆಯಂತೆ! ಕಂಪೆನಿಯ ಮಾನಕ್ಕೆ ಮರುಗಿದ ಕಾನೂನು ಬೀಳು ಬಿದ್ದ ಗದ್ದೆಗೆ ಮರುಗಲಿಲ್ಲ.

2016ರಲ್ಲಿ ಅದೇ ಇಂಗ್ಲೆಂಡಿನ ಸುಪ್ರೀಂ ಕೋರ್ಟು ಮನಸ್ಸು ಬದಲಾಯಿಸಿತು. ಒಂಬತ್ತು ನ್ಯಾಯಾಧೀಶರಲ್ಲಿ ಐವರು ಬಾಗಿಲು ತೆರೆದರು, ನಾಲ್ವರು ಒಪ್ಪಲಿಲ್ಲ. ವ್ಯಾಜ್ಯದಿಂದ ವ್ಯಾಜ್ಯ ಹುಟ್ಟೀತೆಂಬ ಭಯ ಅವರದು. ಅದು ನನ್ನದೂ ಹೌದು. ಎಂಟು ವರ್ಷ ಅಲೆದವನನ್ನು ಇನ್ನೆಂಟು ವರ್ಷ ಅಲೆಯಲು ಕಳಿಸುವುದು ಯಾವ ನ್ಯಾಯ?

ಹಾಗಾದರೆ ಮೊದಲನೆಯ ಕೋರ್ಟೇ ಲೆಕ್ಕ ತೀರಿಸಬೇಕು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 35-ಎ ಕಲಮು ಅದಕ್ಕೆಂದೇ ಇದೆ. ಸುಳ್ಳೆಂದು ತಿಳಿದೂ ದಾವಾ ಹೂಡಿದವನಿಂದ ಪರಿಹಾರ ಕೊಡಿಸಬಹುದು, ಆದರೆ 3,000 ರೂಪಾಯಿಗೆ ಮೀರದಂತೆ! 1976ರ ತಿದ್ದುಪಡಿ ಹಾಕಿದ ಮಿತಿ ಇಂದಿಗೂ ಅದೇ. ಎರಡು ಎಕರೆಯ ನಾಟಿಯ ಕೂಲಿಗೂ ಸಾಲದು. ಸಾಕಷ್ಟು ಆಧಾರವಿಲ್ಲದೆ ತಡೆಯಾಜ್ಞೆ ತಂದದ್ದಕ್ಕೆ 95ನೆಯ ಕಲಮಿನಡಿ ಬೇರೆ ಅರ್ಜಿ ಹಾಕಬಹುದು. ಅಲ್ಲಿಯೂ 50,000ದ ಗೆರೆಯಿದೆ.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದುಂಟು. 2015ರ ಕಾಯಿದೆ ವಾಣಿಜ್ಯ ವ್ಯಾಜ್ಯಗಳ ಮಟ್ಟಿಗೆ ಆ ಮೂರು ಸಾವಿರದ ಮಿತಿಯನ್ನು ಕಿತ್ತುಹಾಕಿತು. ವರ್ತಕನ ನಷ್ಟಕ್ಕೆ ಮಿತಿಯಿಲ್ಲ, ರೈತನ ನಷ್ಟಕ್ಕೆ ಮಿತಿಯುಂಟು!

ಬಡವನು ನ್ಯಾಯ ಕೇಳಲು ಹೆದರಿಯಾನು ಎನ್ನುವವರಿದ್ದಾರೆ. ಸೋತ ಮಾತ್ರಕ್ಕೆ ದಂಡ ಹಾಕಿರೆಂದು ನಾನು ಹೇಳುತ್ತಿಲ್ಲ. ತನ್ನ ಮಾತು ಸುಳ್ಳೆಂದು ಬಲ್ಲವನು ಹೆದರಲಿ. ಬೆಂಗಳೂರಿನ ಮನೆಯೊಂದರ ವ್ಯಾಜ್ಯದಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು 1977ರಲ್ಲಿಯೇ, ಹುರುಳಿಲ್ಲದ ದಾವಾಗಳನ್ನು ಮೊಳಕೆಯಲ್ಲಿಯೇ ಚಿವುಟಬೇಕೆಂದು ಕೆಳಗಿನ ಕೋರ್ಟುಗಳಿಗೆ ತಿಳಿಯಹೇಳಿದರು. ಮೊಳಕೆಯಲ್ಲಿ ಚಿವುಟದೆ ಹೋದುದಕ್ಕೆ, ಬೆಳೆ ಕಳೆದುಕೊಂಡವನಿಗಾದರೂ ಬೆಲೆ ಕಟ್ಟಬೇಡವೇ?

ಮಿತಿಯನ್ನು ತೆಗೆಯಿರಿ. ದಾವಾ ವಜಾ ಮಾಡುವ ತೀರ್ಪಿನಲ್ಲಿಯೇ, ಬೀಳು ಬಿದ್ದ ಪ್ರತಿಯೊಂದು ಬೆಳೆಯ ಬೆಲೆಯನ್ನೂ ಬರೆಯಿರಿ. ಗಾದೆ ಆಗ ತಾನಾಗಿ ಸುಳ್ಳಾಗುತ್ತದೆ.