ಕೇಳಿ ತೀರ್ಮಾನಿಸಿ, ತಾರೀಖು ಹೇಳಿ: ಒಕ್ಕೂಟ ಸರಕಾರಕ್ಕೂ ರಾಜ್ಯ ಸರಕಾರಕ್ಕೂ ನಮ್ಮ ಹಕ್ಕೊತ್ತಾಯ ಪತ್ರ

ಗೆ,
ಮಾನ್ಯ ಪ್ರಧಾನಮಂತ್ರಿಗಳು, ಭಾರತ ಸರಕಾರ, ನವದೆಹಲಿ
ಮಾನ್ಯ ಮುಖ್ಯಮಂತ್ರಿಗಳು, ಕರ್ನಾಟಕ ಸರಕಾರ, ಬೆಂಗಳೂರು
ನಮ್ಮ ಭಾಗದ ಎಲ್ಲ ಸಂಸದರು ಮತ್ತು ಶಾಸಕರು
(ಮಾನ್ಯ ತಹಶೀಲ್ದಾರರ ಮುಖಾಂತರ)

ವಿಷಯ: ಮಹದಾಯಿ ನೀರು, ತೆರಿಗೆ ಪಾಲು ಮತ್ತು ಕೃಷಿ ಕಾಯ್ದೆಗಳ ವಿಷಯದಲ್ಲಿ ಒಕ್ಕೂಟದ ತೀರ್ಮಾನಗಳು ಜನರ ಒಪ್ಪಿಗೆಯಿಂದ ಆಗಬೇಕೆಂಬ ಬಗ್ಗೆ.

ಮಾನ್ಯರೇ,

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳ ರೈತರು, ಕೂಲಿಕಾರರು, ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು, ಓದುವ ಹುಡುಗ-ಹುಡುಗಿಯರು ಕೂಡಿ ಕುಳಿತು ಬರೆದ ಪತ್ರವಿದು.

ಸಂವಿಧಾನದ ಒಂದನೇ ವಿಧಿ ಭಾರತವನ್ನು ರಾಜ್ಯಗಳ ಒಕ್ಕೂಟ ಎಂದು ಕರೆಯುತ್ತದೆ. 1956ರ ನವೆಂಬರ್ 1ರವರೆಗೆ ನಮ್ಮ ಧಾರವಾಡ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಕನ್ನಡಿಗರೆಲ್ಲ ಒಂದು ರಾಜ್ಯವಾಗಿ ಈ ಒಕ್ಕೂಟದೊಳಗೆ ಬಾಳಬೇಕೆಂದು 1953ರಲ್ಲಿ ಹುಬ್ಬಳ್ಳಿ ಹತ್ತಿರದ ಅದರಗುಂಚಿಯ ಶಂಕರಗೌಡ ಪಾಟೀಲರು ಅನ್ನ ಬಿಟ್ಟು ಉಪವಾಸ ಕುಳಿತರು. ಹಿರಿಯರು ಕೇಳಿ, ಹೋರಾಡಿ ಪಡೆದ ಮನೆ ಇದು. ಇದನ್ನು ಒಡೆಯುವ ಮಾತು ಈ ಪತ್ರದಲ್ಲಿ ಎಲ್ಲಿಯೂ ಇಲ್ಲ.

ಯುರೋಪಿಯನ್ ಒಕ್ಕೂಟಕ್ಕೆ ಸೇರಿದ ದೇಶಗಳಿಗೆ ಹೊರಗೆ ಹೋಗುವ ದಾರಿಯೂ ಉಂಟು. 2016ರಲ್ಲಿ ಜನಮತ ಕೇಳಿದ ಬ್ರಿಟನ್ 2020ರ ಜನವರಿ 31ರಂದು ಹೊರಬಿತ್ತು. ನಮ್ಮ ಒಕ್ಕೂಟಕ್ಕೆ ಅಂಥ ಬಾಗಿಲಿಲ್ಲ, ಬೇಕೆಂದು ನಾವು ಕೇಳುವುದೂ ಇಲ್ಲ. ಆದರೆ ಬಿಟ್ಟು ಹೋಗಲಾರದ ಕೂಡು ಮನೆತನದಲ್ಲಿ ಯಜಮಾನ ಎಲ್ಲರ ಮಾತು ಕೇಳಿಯೇ ಸಂಸಾರ ನಡೆಸಬೇಕು. ಒಕ್ಕೂಟ ಪ್ರಜಾಪ್ರಭುತ್ವಕ್ಕೆ ತಕ್ಕಂತೆ ನಡೆಯುತ್ತಿದೆಯೋ ಇಲ್ಲವೋ ಎಂಬುದಕ್ಕೆ ನಮ್ಮ ಅಳತೆ ಮೂರೇ: ತೀರ್ಮಾನಕ್ಕೆ ಮುಂಚೆ ನಮ್ಮನ್ನು ಕೇಳಿದರೇ? ಕಾರಣ ಬರೆದು ತಿಳಿಸಿದರೇ? ತಾರೀಖು ಹೇಳಿದರೇ?

ನವಲಗುಂದ ತಾಲೂಕಿನ ಎಷ್ಟೋ ಊರುಗಳಲ್ಲಿ ಬೋರು ಕೊರೆದರೆ ಸವಳು ನೀರು. ಕುಡಿಯಲಿಕ್ಕೆ ಕೆರೆಯೇ ಗತಿ, ಕೆರೆಗೆ ಮಲಪ್ರಭಾ ಕಾಲುವೆ ಗತಿ. ಬ್ಯಾಸಗಿ ಏರಿದಂತೆ ಕೆರೆಯ ಪಾವಟಿಗೆಗಳು ಒಂದೊಂದಾಗಿ ಬರಿದಾಗುತ್ತವೆ, ತಳದ ನೀರು ಹಸಿರಾಗುತ್ತದೆ. ಹೆಣ್ಣುಮಕ್ಕಳು ಹಳೆಯ ಸೀರೆಯ ಅರಿವೆಯನ್ನು ಎರಡು ಪದರ ಮಾಡಿ ಕೊಡದ ಬಾಯಿಗೆ ಕಟ್ಟಿ, ತಂಬಿಗೆಯಿಂದ ಮೊಗೆಮೊಗೆದು ಸೋಸುತ್ತಾರೆ. ಕೊಡ ತುಂಬಿದ ಮೇಲೆ ಅರಿವೆ ಬಿಚ್ಚಿ ಝಾಡಿಸಿದರೆ ಪಾಚಿ, ಹುಳ ಕಲ್ಲಿನ ಮೇಲೆ ಬೀಳುತ್ತವೆ. ಈ ಪತ್ರ ಬರೆಯಲು ಸೇರಿದ್ದಾಗ ಒಬ್ಬ ಅಜ್ಜಿ ಹೇಳಿದ ಮಾತು ನಮ್ಮ ಎಲ್ಲ ಬೇಡಿಕೆಗಳ ತಳಪಾಯ: "ಯಪ್ಪಾ, ನೀರ ಕೊಡತೇವಿ ಅಂತ ಹೇಳಬ್ಯಾಡ್ರಿ. ಎಂದ ಕೊಡತೀರಿ, ಅದನ್ನ ಹೇಳ್ರಿ."

ಆ 'ಎಂದ'ಕ್ಕೆ ಈವರೆಗೆ ಸಿಕ್ಕ ಉತ್ತರಗಳನ್ನು ಇಲ್ಲಿ ಸಾಲಾಗಿ ಬರೆಯುತ್ತೇವೆ. ನವಿಲುತೀರ್ಥದ ಮಲಪ್ರಭಾ ಜಲಾಶಯ 37.73 ಟಿಎಂಸಿ ಅಡಿ ಹಿಡಿಯುತ್ತದೆ. ಅದು ಪ್ರತಿ ವರ್ಷ ತುಂಬುವುದಿಲ್ಲ. ಅದಕ್ಕೆ ಮಹದಾಯಿ ಕೊಳ್ಳದ ಕಳಸಾ, ಬಂಡೂರಿ ಹಳ್ಳಗಳ ನೀರು ಕೂಡಿಸುವ ಯೋಜನೆಗೆ 2002ರ ಏಪ್ರಿಲ್‌ನಲ್ಲಿ ಕೇಂದ್ರ ತಾತ್ವಿಕ ಒಪ್ಪಿಗೆ ಕೊಟ್ಟಿತು. ಗೋವಾ ತಕರಾರು ಮಾಡಿದ್ದರಿಂದ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅದನ್ನು ತಡೆಹಿಡಿಯಿತು. 2010ರ ನವೆಂಬರ್‌ನಲ್ಲಿ ಈ ತಕರಾರು ತೀರಿಸಲು ಮಹದಾಯಿ ನ್ಯಾಯಾಧಿಕರಣ ರಚನೆಯಾಯಿತು. 2015ರಲ್ಲಿ ನರಗುಂದದಲ್ಲಿ ರೈತರು ಧರಣಿ ಕುಳಿತರು. 2016ರ ಜುಲೈ 27ರಂದು 7.56 ಟಿಎಂಸಿ ನೀರು ಕೇಳಿದ ಕರ್ನಾಟಕದ ಮಧ್ಯಂತರ ಅರ್ಜಿ ವಜಾ ಆಯಿತು; ಆ ವಾರ ನವಲಗುಂದ ತಾಲೂಕಿನ ಯಮನೂರಿನಲ್ಲಿ ಪೊಲೀಸರ ಲಾಠಿ ಏಟು ಮನೆಯೊಳಗಿನವರಿಗೂ ಬಿತ್ತು. 2018ರ ಆಗಸ್ಟ್ 14ರಂದು ಅಂತಿಮ ಐತೀರ್ಪು ಬಂದು, 2020ರ ಫೆಬ್ರುವರಿಯಲ್ಲಿ ರಾಜಪತ್ರದಲ್ಲಿ ಪ್ರಕಟವಾಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಪರಿಷ್ಕೃತ ಯೋಜನಾ ವರದಿಯನ್ನು ಒಪ್ಪಿತು. 2024ರ ಜನವರಿಯಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ತನ್ನ ತೀರ್ಮಾನವನ್ನು ಮುಂದೂಡಿತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಹಿಡಿದಿಟ್ಟಿದೆ. ಎರಡೂ ಕೈ ಒಂದೇ ಸರಕಾರದವು.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು:

1. ಮಹದಾಯಿ ಅನುಮತಿಗೆ ತಾರೀಖು ಗೊತ್ತುಮಾಡಿ.
ಐತೀರ್ಪಿನ ಪ್ರಕಾರ ಮಲಪ್ರಭೆಗೆ ತಿರುಗಬೇಕಾದದ್ದು 3.90 ಟಿಎಂಸಿ: ಕಳಸಾದಿಂದ 1.72, ಬಂಡೂರಿಯಿಂದ 2.18. ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಸಿಕ್ಕಿತು ಎಂದು ಸುದ್ದಿಯಾಯಿತು. ಅದರಲ್ಲಿ 8.02 ಟಿಎಂಸಿ ವಿದ್ಯುತ್ತಿಗೆ, ಉಳಿದದ್ದರಲ್ಲಿ 1.50 ಮಹದಾಯಿ ಕೊಳ್ಳದೊಳಗಿನ ಬಳಕೆಗೆ. ನಮ್ಮ ಕೊಡಕ್ಕೆ ಬರುವುದು ಆ 3.90 ಮಾತ್ರ. ಬಾಕಿ ಇರುವ ಅರಣ್ಯ ಮತ್ತು ವನ್ಯಜೀವಿ ಅನುಮತಿಗಳ ಬಗ್ಗೆ 90 ದಿನಗಳೊಳಗೆ ಲಿಖಿತ ತೀರ್ಮಾನ ಕೊಡಬೇಕು. ಒಪ್ಪಿದರೆ ಷರತ್ತುಗಳೊಂದಿಗೆ ಒಪ್ಪಿ. ಒಪ್ಪದಿದ್ದರೆ ಕಾರಣ ಬರೆಯಿರಿ, ಕುಡಿಯುವ ನೀರಿಗೆ ಬೇರೆ ದಾರಿ ಯಾವುದೆಂದು ಅದೇ ಕಾಗದದಲ್ಲಿ ಹೇಳಿರಿ. ಮುಂದೂಡಿಕೆಯನ್ನು ಇನ್ನು ತೀರ್ಮಾನವೆಂದು ನಾವು ಒಪ್ಪುವುದಿಲ್ಲ.

2. ಗೋವಾದ ಮಾತನ್ನೂ ಕೇಳಿ. ತಲೆ ಎಣಿಸಿ ತೀರ್ಪು ಕೊಡಬೇಡಿ.
ಲೋಕಸಭೆಯಲ್ಲಿ ಕರ್ನಾಟಕಕ್ಕೆ 28 ಸ್ಥಾನ, ಗೋವಾಕ್ಕೆ 2. ಈ ಲೆಕ್ಕದ ಬಲದಿಂದ ನಮಗೆ ನೀರು ಬೇಡ. ಗೋವಾದಲ್ಲಿ ಮಾಂಡೋವಿ ಎನಿಸಿಕೊಳ್ಳುವ ಮಹದಾಯಿಯಲ್ಲಿ ಸಿಹಿನೀರು ಇಳಿದರೆ ಸಮುದ್ರದ ಉಪ್ಪು ಮೇಲೇರುತ್ತದೆ ಎಂಬ ಗೋವಾ ರೈತರ, ಮೀನುಗಾರರ ಅಂಜಿಕೆ ನಮಗೆ ಅರ್ಥವಾಗುತ್ತದೆ. ಸವಳು ನೀರಿನ ರುಚಿ ನಾವೂ ಬಲ್ಲೆವು. 1967ರ ಜನವರಿ 16ರಂದು ಇದೇ ಒಕ್ಕೂಟ ಗೋವಾದ ಜನರಿಗೆ ಮಹಾರಾಷ್ಟ್ರದಲ್ಲಿ ಸೇರುತ್ತೀರೋ ಬೇರೆಯಾಗಿ ಉಳಿಯುತ್ತೀರೋ ಎಂದು ಕೇಳಿತು. ಅವರು ಉಳಿಯುತ್ತೇವೆ ಎಂದರು, ಒಕ್ಕೂಟ ತಲೆಬಾಗಿತು. ಸಣ್ಣವರನ್ನು ಕೇಳಿದ ಆ ದಿನದಿಂದ ಒಕ್ಕೂಟ ದುರ್ಬಲವಾಗಲಿಲ್ಲ. ಅದೇ ಮರ್ಯಾದೆ ಇಂದು ಎರಡೂ ಕಡೆಯವರಿಗೆ ಸಿಗಬೇಕು. ನದಿಯ ಹರಿವು ಮತ್ತು ಉಪ್ಪಿನಂಶವನ್ನು ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ರಾಜ್ಯಗಳ ತಜ್ಞರು ಕೂಡಿ ಅಳೆದು ಪ್ರಕಟಿಸಬೇಕು. ಕಣಕುಂಬಿ, ಖಾನಾಪುರ ಭಾಗದ ಕಾಡಂಚಿನ ಜನರ ಅಹವಾಲನ್ನೂ ಕೇಳಬೇಕು.

3. ಮಹದಾಯಿ ಪ್ರಾಧಿಕಾರದ ಬಾಗಿಲು ಜನರಿಗೆ ತೆರೆಯಿರಿ.
2023ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ 'ಪ್ರವಾಹ' ಪ್ರಾಧಿಕಾರ ಅಧಿಕಾರಿಗಳ ಸಭೆಯಾಗಿ ಉಳಿಯಬಾರದು. ಕರ್ನಾಟಕ, ಗೋವಾ, ಮಹಾರಾಷ್ಟ್ರಗಳ ರೈತರು ಮತ್ತು ಗ್ರಾಮ ಪಂಚಾಯ್ತಿ ಪ್ರತಿನಿಧಿಗಳು ಅದರಲ್ಲಿ ಕೂಡಬೇಕು. ನೀರಿನ ಲೆಕ್ಕ ಕನ್ನಡ, ಕೊಂಕಣಿ, ಮರಾಠಿ ಮೂರರಲ್ಲೂ ಸಿಗಬೇಕು. ವರ್ಷಕ್ಕೊಮ್ಮೆ ಬಹಿರಂಗ ವಿಚಾರಣೆ ನವಲಗುಂದದಲ್ಲಿಯೂ ನಡೆಯಬೇಕು. ಬೇರೆ ಬೇರೆ ಭಾಷೆಯ 14 ದೇಶಗಳು ಯುರೋಪಿನ ಡ್ಯಾನ್ಯೂಬ್ ನದಿಗೆ ಒಂದೇ ಆಯೋಗದಲ್ಲಿ ಕೂಡುತ್ತವೆ. ಒಂದೇ ದೇಶದ ಮೂರು ರಾಜ್ಯಗಳು ಕೂಡಲಾರವು ಎಂಬುದನ್ನು ನಾವು ನಂಬುವುದಿಲ್ಲ.

4. ಅಂತರರಾಜ್ಯ ಪರಿಷತ್ತನ್ನು ವರ್ಷಕ್ಕೊಮ್ಮೆಯಾದರೂ ಕರೆಯಿರಿ.
ಸಂವಿಧಾನದ 263ನೇ ವಿಧಿಯಲ್ಲಿ ಹೇಳಿದ್ದ ಈ ಪರಿಷತ್ತು, ಕೇಂದ್ರ-ರಾಜ್ಯ ಸಂಬಂಧ ಕುರಿತ ಸರ್ಕಾರಿಯಾ ಆಯೋಗದ ಶಿಫಾರಸಿನ ಮೇಲೆ 1990ರಲ್ಲಿ ಹುಟ್ಟಿತು. ಪ್ರಧಾನಿ, ಮುಖ್ಯಮಂತ್ರಿಗಳು ಎದುರುಬದುರು ಕೂಡುವ ಕಟ್ಟೆ ಅದು. 2016ರ ಜುಲೈನಲ್ಲಿ ಸಭೆ ಕೂಡಿದ ಮೇಲೆ ವರ್ಷಗಟ್ಟಲೆ ಪೂರ್ಣ ಸಭೆ ನಡೆಯಲಿಲ್ಲ. ಊರ ಕಟ್ಟೆ ಕೂಡದಿದ್ದರೆ ಜಗಳಗಳು ಠಾಣೆಗೆ, ಕೋರ್ಟಿಗೆ ಹೋಗುತ್ತವೆ. ರಾಜ್ಯಗಳದ್ದೂ ಹಾಗೆಯೇ ಆಗಿದೆ.

5. ರಾಜ್ಯದ ವಿಷಯಕ್ಕೆ ತಟ್ಟುವ ಮಸೂದೆ ಮೊದಲು ರಾಜ್ಯಕ್ಕೆ ಬರಲಿ.
ಕೃಷಿ, ಸಂತೆ, ಮಾರುಕಟ್ಟೆ ರಾಜ್ಯಪಟ್ಟಿಯಲ್ಲಿವೆ. ಆದರೂ 2020ರ ಮೂರು ಕೃಷಿ ಕಾಯ್ದೆಗಳು ವಿಧಾನಸಭೆಗಳನ್ನು ಕೇಳದೆ ಬಂದವು, ರಾಜ್ಯಸಭೆಯಲ್ಲಿ ಧ್ವನಿಮತದಿಂದ ದಾಟಿದವು. ಒಂದು ವರ್ಷದ ಹೋರಾಟದ ಬಳಿಕ 2021ರಲ್ಲಿ ಹಿಂದೆ ಹೋದವು. ಮೊದಲೇ ಕೇಳಿದ್ದರೆ ಆ ನೋವು ತಪ್ಪುತ್ತಿತ್ತು. ಯುರೋಪಿಯನ್ ಒಕ್ಕೂಟದಲ್ಲಿ ಕರಡು ಕಾಯ್ದೆ ಬಂದಾಗ ಸದಸ್ಯ ದೇಶಗಳ ಸಂಸತ್ತುಗಳಿಗೆ 8 ವಾರ ಕಾಲಾವಕಾಶವಿದೆ. ಇದು ನಮ್ಮ ಮಟ್ಟದಲ್ಲೇ ಆಗಬೇಕಾದ ಕೆಲಸ ಎಂದು ಆ ಸಂಸತ್ತುಗಳ ಮೂರರಲ್ಲೊಂದು ಪಾಲು ಮತಗಳು ಬಂದರೆ ಕರಡನ್ನು ಮರುಪರಿಶೀಲಿಸಲೇಬೇಕು. ನಮ್ಮ ವಿಧಾನಸಭೆಗಳಿಗೂ ಅಂಥ 8 ವಾರ ಮತ್ತು ಅಂಥ ಹಕ್ಕು ಬೇಕು.

6. ತೆರಿಗೆ ಪಾಲು ನ್ಯಾಯವಾಗಿ ಹಂಚಿ.
14ನೇ ಹಣಕಾಸು ಆಯೋಗದಲ್ಲಿ ಶೇ. 4.713 ಇದ್ದ ಕರ್ನಾಟಕದ ಪಾಲು 15ನೇ ಆಯೋಗದಲ್ಲಿ ಶೇ. 3.647ಕ್ಕೆ ಇಳಿಯಿತು. ಬಡ ರಾಜ್ಯಗಳಿಗೆ ಹೆಚ್ಚು ಹೋಗುವುದಕ್ಕೆ ನಮ್ಮ ತಕರಾರಿಲ್ಲ, ಕೂಡಿ ಬಾಳುವುದೆಂದರೆ ಅದೇ. ಆದರೆ ಸೆಸ್ಸು, ಸರ್‌ಚಾರ್ಜುಗಳನ್ನು ಹಂಚಿಕೆಯ ಗಂಟಿನಿಂದ ಹೊರಗಿಡುವುದು ಸರಿಯಲ್ಲ, ಅವನ್ನು ಗಂಟಿಗೆ ತನ್ನಿ. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದರಷ್ಟು ತೂಕ, ನಿರ್ಣಯಕ್ಕೆ ಬೇಕಾದದ್ದು ನಾಲ್ಕನೇ ಮೂರು. ಎಲ್ಲ ರಾಜ್ಯಗಳೂ ಒಂದಾದರೂ ಕೇಂದ್ರ ಒಪ್ಪದೆ ಏನೂ ಆಗದು. ಈ ತೂಕವನ್ನು ಸರಿಪಡಿಸಿ. ಬರ ಬಿದ್ದಾಗ ಪರಿಹಾರಕ್ಕೂ ಗಡುವು ಇರಲಿ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವಾದವು. ಪರಿಹಾರಕ್ಕಾಗಿ ಮರುವರ್ಷ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

7. ಬೆಳೆ ಕೈಗೆ ಬಂದ ಹೊತ್ತಿಗೆ ಆಮದು-ರಫ್ತಿನ ನಿಯಮ ಬದಲಿಸಬೇಡಿ.
2023ರ ಆಗಸ್ಟ್‌ನಲ್ಲಿ ಉಳ್ಳಾಗಡ್ಡಿ ರಫ್ತಿಗೆ ಶೇ. 40 ಸುಂಕ ಬಿತ್ತು, ಡಿಸೆಂಬರ್‌ನಲ್ಲಿ ರಫ್ತೇ ನಿಂತಿತು. ಅದೇ ಡಿಸೆಂಬರ್‌ನಲ್ಲಿ ಹಳದಿ ಬಟಾಣಿಗೆ ಸುಂಕವಿಲ್ಲದೆ ಬಾಗಿಲು ತೆರೆಯಿತು. ಆ ಬಟಾಣಿಯ ಪೈಪೋಟಿಗೆ ಸಿಗುವ ಕಡಲೆ ಆಗ ನಮ್ಮ ಎರಿಭೂಮಿಯಲ್ಲಿ ನಿಂತಿತ್ತು. ಇಂಥ ಆದೇಶಕ್ಕೆ ಮುಂಚೆ ಆ ಬೆಳೆ ಬೆಳೆಯುವ ರಾಜ್ಯಗಳ ಅಭಿಪ್ರಾಯ ಕಡ್ಡಾಯವಾಗಿ ಪಡೆಯಬೇಕು. ನಷ್ಟವಾದರೆ ಬೆಂಬಲ ಬೆಲೆಯಲ್ಲಿ ಖರೀದಿ ಕೇಂದ್ರವನ್ನು ಕೂಡಲೇ ತೆರೆಯಬೇಕು.

8. ರಾಜ್ಯ ಸರಕಾರವೂ ಇದೇ ಅಳತೆಗೆ ಒಳಪಡಲಿ.
ದೆಹಲಿಯನ್ನು ಕೇಳುವ ಹಕ್ಕು ಬೆಂಗಳೂರಿಗೆ ಬರಬೇಕಾದರೆ, ಹಳ್ಳಿಯ ಮಾತನ್ನು ಬೆಂಗಳೂರು ಕೇಳಬೇಕು. 1980ರ ಹೊತ್ತಿಗೆ ನಮ್ಮ ಹೊಲಗಳಿಗೆ ನೀರು ಸರಿಯಾಗಿ ಬರುವ ಮೊದಲೇ ಬೆಟರ್‌ಮೆಂಟ್ ಲೆವಿ ಎಂಬ ಕರ ಬಂತು. ಕರ ಹೇರಿದ್ದು ರಾಜ್ಯ ಸರಕಾರವೇ. ಆ ವರ್ಷದ ಜುಲೈ 21ರ ರೈತ ಬಂಡಾಯದಲ್ಲಿ ಬಸಪ್ಪ ಲಕ್ಕುಂಡಿ, ಈರಪ್ಪ ಕಡ್ಲಿಕೊಪ್ಪ ಪೊಲೀಸರ ಗುಂಡಿಗೆ ಬಲಿಯಾದರು. ಆ ದಿನವನ್ನು ನಾವು ರೈತ ಹುತಾತ್ಮ ದಿನವಾಗಿ ಆಚರಿಸುತ್ತ ಬಂದಿದ್ದೇವೆ. ಅದಕ್ಕಾಗಿ ಕೇಳುತ್ತೇವೆ:
ಅ) ಕಾಲುವೆಗೆ ನೀರು ಬಿಡುವ, ನಿಲ್ಲಿಸುವ ತಾರೀಖು ಗೊತ್ತುಮಾಡುವ ನೀರಾವರಿ ಸಲಹಾ ಸಮಿತಿಯಲ್ಲಿ ಕಾಲುವೆಯ ಕೊನೆಯ ಭಾಗದ ರೈತರಿಗೆ ಸ್ಥಾನ ಬೇಕು.
ಆ) ಬರಗಾಲದಲ್ಲಿ ನೀರಿಲ್ಲದ ನಾಡಿನಲ್ಲಿ ಮಳೆಗಾಲದಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ಬೆಳೆ ಕೊಚ್ಚುತ್ತವೆ. ಈ ಹಳ್ಳಗಳ ಶಾಶ್ವತ ಕಾಮಗಾರಿಗೆ ದಂಡೆಯ ಊರುಗಳ ಗ್ರಾಮಸಭೆಯ ಒಪ್ಪಿಗೆ ಪಡೆಯಿರಿ.
ಇ) ಕಲಘಟಗಿಯಲ್ಲಿ ಹರಿಯುವ ಬೇಡ್ತಿಯನ್ನು ವರದೆಗೆ ಜೋಡಿಸುವ ಪ್ರಸ್ತಾವವನ್ನು ಉತ್ತರ ಕನ್ನಡದ ಜನ ವಿರೋಧಿಸುತ್ತಿದ್ದಾರೆ. ಮಹದಾಯಿಯಲ್ಲಿ ನಮ್ಮನ್ನು ಕೇಳಿರಿ ಎನ್ನುವ ನಾವು, ಬೇಡ್ತಿಯಲ್ಲಿ ಅವರನ್ನು ಕೇಳಿರಿ ಎಂದೂ ಹೇಳುತ್ತೇವೆ.
ಈ) ನೀರಿನ ಹೋರಾಟಗಾರರ ಮೇಲೆ ಇನ್ನೂ ಯಾವುದೇ ಪ್ರಕರಣ ಉಳಿದಿದ್ದರೆ ಹಿಂಪಡೆಯಿರಿ.

9. ನಮ್ಮ ಪ್ರತಿನಿಧಿಗಳು ನಮಗೆ ಲೆಕ್ಕ ಕೊಡಲಿ.
ರಾಜ್ಯಸಭೆ ಎಂದರೆ ರಾಜ್ಯಗಳ ಸಭೆ. ಆ ರಾಜ್ಯದ ನಿವಾಸಿಯೇ ಅಭ್ಯರ್ಥಿಯಾಗಬೇಕೆಂಬ ಷರತ್ತನ್ನು 2003ರಲ್ಲಿ ತೆಗೆದುಹಾಕಿದಿರಿ, ಅದನ್ನು ಮರಳಿ ತನ್ನಿ. ಸಂಸದರು, ಶಾಸಕರು ವರ್ಷಕ್ಕೆರಡು ಸಲ ತಾಲೂಕು ಕೇಂದ್ರದಲ್ಲಿ ಬಹಿರಂಗ ಸಭೆ ಮಾಡಿ, ಮಹದಾಯಿ ಮತ್ತು ತೆರಿಗೆ ಪಾಲಿನ ಬಗ್ಗೆ ಸದನದಲ್ಲಿ ತಾವು ಏನು ಕೇಳಿದಿರಿ, ಏನು ಉತ್ತರ ಬಂತು ಎಂಬುದನ್ನು ಓದಿ ಹೇಳಬೇಕು. ದೆಹಲಿಯಲ್ಲಿ ಒಂದು ಮಾತು, ನವಲಗುಂದದಲ್ಲಿ ಇನ್ನೊಂದು ಮಾತು ಇನ್ನು ನಡೆಯದು.

ಮಾನ್ಯರೇ, ಈ ಒಂಬತ್ತರಲ್ಲಿ ಯಾವುದೂ ಒಕ್ಕೂಟವನ್ನು ಸಡಿಲಿಸುವುದಿಲ್ಲ. ತನ್ನನ್ನು ಕೇಳಿ ಮಾಡಿದ ತೀರ್ಮಾನ ತನಗೆ ವಿರುದ್ಧವಾಗಿದ್ದರೂ ಮನುಷ್ಯ ತಾಳಿಕೊಳ್ಳುತ್ತಾನೆ. ಕೇಳದೆ ಮಾಡಿದ್ದು ಒಳ್ಳೆಯದಾಗಿದ್ದರೂ ಅವನ ಎದೆಯಲ್ಲಿ ಮುಳ್ಳಾಗಿ ಉಳಿಯುತ್ತದೆ. ನಮ್ಮ ನಾಡಿನಲ್ಲಿ ಆ ಮುಳ್ಳು ಬಹಳ ವರ್ಷದಿಂದ ಇದೆ.

ಈ ಪತ್ರ ತಲುಪಿದ 30 ದಿನಗಳೊಳಗೆ ಪ್ರತಿಯೊಂದು ಅಂಶಕ್ಕೂ ಲಿಖಿತ ಉತ್ತರ ಕೊಡಬೇಕೆಂದು ಒತ್ತಾಯಿಸುತ್ತೇವೆ. ಬಂದ ಉತ್ತರವನ್ನು ನಾಲ್ಕೂ ತಾಲೂಕುಗಳ ಗ್ರಾಮಸಭೆಗಳಲ್ಲಿ ಗಟ್ಟಿಯಾಗಿ ಓದುತ್ತೇವೆ. ಅಂದು ಮಾತಾಡಿದ ಅಜ್ಜಿಯೂ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ. ನೀವು ಬರೆದ ತಾರೀಖನ್ನು ನಾವು ಅವಳಿಗೆ ಓದಿ ಹೇಳುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳ ರೈತರು, ಕೂಲಿಕಾರರು, ಮಹಿಳೆಯರು ಮತ್ತು ಯುವಜನರು
ಸ್ಥಳ: ನವಲಗುಂದ